ಹತ್ತೊಂಬತ್ತನೆಯ ಸಾಕ್ಷಿ

ಸದನದಲ್ಲಿ ಮಾತಾಡುವುದಕ್ಕೆ ಇನ್ನೂರು ಜನರಿದ್ದರೆ, ಬಾಯಿ ಮುಚ್ಚಿಕೊಂಡು ಬರೆಯುವುದಕ್ಕೆ ಆರೇ ಜನ. ಆ ಆರರಲ್ಲಿ ಪುಟ್ಟಿ ಒಬ್ಬಳು. ನಲವತ್ತೆರಡು ತುಂಬಿದ, ಮೂಗಿನ ಮೇಲೆ ಕನ್ನಡಕ ಏರಿದ, ಕಾಲೇಜಿಗೆ ಹೋಗುವ ಮಗಳಿರುವ ಹೆಂಗಸನ್ನು ಪುಟ್ಟಿ ಎನ್ನುವುದು ತಮಾಷೆಯೇ ಸರಿ. ಆದರೆ ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಹಾಗೇ ಕರೆಯುತ್ತಾಳೆ; ಬೇರೆ ಹೆಸರು ಆ ಬಾಯಲ್ಲಿ ಬಂದದ್ದೇ ಇಲ್ಲ. ಇದು ಚಿಕ್ಕಮ್ಮನ ಕತೆಯೂ ಹೌದಾದ್ದರಿಂದ ನಾವೂ ಪುಟ್ಟಿ ಅಂತಲೇ ಇಟ್ಟುಕೊಳ್ಳೋಣ.

ಕೆಲಸ ಹೇಳುವುದಕ್ಕೆ ಸುಲಭ. ಸಭಾಧ್ಯಕ್ಷರ ಎತ್ತರದ ಪೀಠದ ಕೆಳಗೆ ಒಂದು ಸಣ್ಣ ಮೇಜು. ಅಲ್ಲಿ ಕೂತು, ಯಾರು ಏನೇ ಅಂದರೂ ಅದನ್ನು ಶೀಘ್ರಲಿಪಿಯ ಕೊಕ್ಕೆ ಗೆರೆಗಳಲ್ಲಿ ಹಿಡಿಯಬೇಕು. ಐದು ನಿಮಿಷ ಆಗುತ್ತಲೇ ಇನ್ನೊಬ್ಬರು ಬಂದು ಪಕ್ಕದಲ್ಲಿ ಕೂರುತ್ತಾರೆ. ಎದ್ದು ಹಿಂದಿನ ಕೋಣೆಗೆ ಹೋಗಿ ಬರೆದದ್ದನ್ನು ಟೈಪ್ ಮಾಡಬೇಕು. ಹೇಳಿದ್ದನ್ನು ಹೇಳಿದ ಹಾಗೆ. ಒಂದಕ್ಷರ ಸೇರಿಸುವಂತಿಲ್ಲ, ಒಂದಕ್ಷರ ಬಿಡುವಂತಿಲ್ಲ. ಮಾತಲ್ಲದ ಸಂಗತಿಗಳಿಗೆ ಕಂಸ ಉಂಟು: (ನಗು), (ಗದ್ದಲ), (ಮೇಜು ಕುಟ್ಟಿದ ಸದ್ದು), ತೀರಾ ಅಗತ್ಯ ಬಿದ್ದರೆ (ಮೌನ). ಮಂತ್ರಿಗಳು ಬರುತ್ತಾರೆ, ಹೋಗುತ್ತಾರೆ, ಆ ಹಾಳು ಕಂಸಗಳು ಮಾತ್ರ ಅಲುಗುವುದಿಲ್ಲ.

ಆ ವರ್ಷ ಆರು ಜನ ನಾಲ್ವರಾಗಿದ್ದರು. ಒಬ್ಬಳು ಆಸ್ಪತ್ರೆಯಲ್ಲಿದ್ದಳು. ಇನ್ನೊಬ್ಬನ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ಅವನ ಕುರ್ಚಿಯ ಮೇಲೆ ಕೈಗೆ ಹಚ್ಚುವ ದ್ರಾವಣದ ಡಬ್ಬಿಗಳನ್ನು ಪೇರಿಸಿಟ್ಟಿದ್ದರು. ಸದಸ್ಯರು ಒಂದು ಕುರ್ಚಿ ಬಿಟ್ಟು ಒಂದರಲ್ಲಿ ಕೂರುತ್ತಿದ್ದರು. ಎಲ್ಲರ ಮುಖಕ್ಕೂ ಮಾಸ್ಕು. ಮೊದಲೆಲ್ಲ ಅರ್ಧ ಮಾತನ್ನು ಕಿವಿ ಕೇಳುತ್ತಿತ್ತು, ಇನ್ನರ್ಧವನ್ನು ತುಟಿ ನೋಡಿ ಹಿಡಿಯುತ್ತಿದ್ದರು. ಈಗ ತುಟಿಯಿಲ್ಲದ ಜನ ಗೊಗ್ಗರು ದನಿಯಲ್ಲಿ ಏನೋ ಅನ್ನುತ್ತಿದ್ದರು. ದಿನದ ಕಲಾಪ ಸಂತಾಪ ಸೂಚನೆಯಿಂದ ಶುರುವಾಗುತ್ತಿತ್ತು. ಹೋದ ತಿಂಗಳು ಅದು ಅರ್ಧ ಪುಟ ಇತ್ತು. ಈ ತಿಂಗಳು ಅದನ್ನು ಓದುವಷ್ಟರಲ್ಲಿ ಪುಟ್ಟಿಯ ಐದು ನಿಮಿಷ ಮುಗಿದುಹೋಗುತ್ತಿತ್ತು.

ಆ ದಿನದ ಚರ್ಚೆ ಒಂದೇ ವಿಷಯದ ಮೇಲೆ. ಸಾಂಕ್ರಾಮಿಕದ ಈ ಹೊತ್ತಿನಲ್ಲಿ ಸರಕಾರ ಆಸ್ಪತ್ರೆಗಳಿಗೆ ಕೊಟ್ಟಿರುವ ಹಣ ಸಾಕೋ ಸಾಲದೋ? ಸಾಲದು ಎನ್ನುವವರ ಕಡೆಯಿಂದ ಒಂದು ಹೆಚ್ಚುವರಿ ಬೇಡಿಕೆ ಬಂದಿತ್ತು: ಆಮ್ಲಜನಕಕ್ಕೆ, ಕೆಟ್ಟ ಯಂತ್ರಗಳ ರಿಪೇರಿಗೆ, ದಾದಿಯರ ನೇಮಕಕ್ಕೆ. ಐದು ಗಂಟೆಗೆ ಮತಕ್ಕೆ ಹಾಕುವುದೆಂದು ನಿಗದಿಯಾಗಿತ್ತು.

ಪುಟ್ಟಿ ಮೂರೂವರೆಗೆ ಮೇಜಿಗೆ ಬಂದು ಕೂತಾಗ ವಿರೋಧ ಪಕ್ಷದ ಹಿರಿಯರು ನಿಂತಿದ್ದರು. ಒಂದು ಕಾಲದಲ್ಲಿ ಲೆಕ್ಕ ಕಲಿಸುತ್ತಿದ್ದವರು, ಎಲ್ಲರ ಬಾಯಲ್ಲೂ ಮೇಷ್ಟ್ರು.

"ದುಪ್ಪಟ್ಟು ಕೊಟ್ಟಿದೀವಿ, ದುಪ್ಪಟ್ಟು ಕೊಟ್ಟಿದೀವಿ ಅಂತ ಮಂತ್ರಿಗಳು ಬೆಳಗಿನಿಂದ ಹೇಳ್ತಿದಾರೆ. ಯಾವುದರ ದುಪ್ಪಟ್ಟು ಸ್ವಾಮಿ? ಸೊನ್ನೆಯ ದುಪ್ಪಟ್ಟೂ ಸೊನ್ನೆಯೇ. ಇದನ್ನ ನಾನು ಎರಡನೇ ಕ್ಲಾಸಿಗೆ ಪಾಠ ಮಾಡ್ತಿದ್ದೆ."

ಪುಟ್ಟಿ (ನಗು) ಎಂದು ಗುರುತು ಹಾಕಿದಳು. ಆರೋಗ್ಯ ಮಂತ್ರಿ ಎದ್ದರು. ಕೆಟ್ಟ ಮನುಷ್ಯರೇನಲ್ಲ, ಮೂರು ವಾರದಿಂದ ಸರಿಯಾಗಿ ನಿದ್ದೆಯಿಲ್ಲದೆ ಕಣ್ಣು ಕೆಂಡದ ಹಾಗಾಗಿತ್ತು. ಕೈಯಲ್ಲಿ ಸದನ ಸಮಿತಿಯ ವರದಿ ಹಿಡಿದಿದ್ದರು.

"ಸನ್ಮಾನ್ಯ ಅಧ್ಯಕ್ಷರೇ, ಈ ಸದನದ್ದೇ ಸಮಿತಿ ಹತ್ತೊಂಬತ್ತು ಆಸ್ಪತ್ರೆಗಳನ್ನ ಕೇಳಿದೆ. ಹದಿನೆಂಟು ಆಸ್ಪತ್ರೆ ಸಾಲದು ಅಂದಿವೆ, ನಾನು ಮುಚ್ಚಿಡಲ್ಲ. ಆದರೆ ಹತ್ತೊಂಬತ್ತನೇದು? ಎಲ್ಲಕ್ಕಿಂತ ದೂರದ್ದು, ಎಲ್ಲಕ್ಕಿಂತ ಚಿಕ್ಕದು. ಹಾಸಿಗೆಗೆ ಇಷ್ಟು ಅಂತ ಎಲ್ಲರಿಗೂ ಕೊಟ್ಟಷ್ಟೇ ಅವರಿಗೂ ಕೊಟ್ಟಿದ್ದು. ಅಲ್ಲಿನ ಹಿರಿಯ ದಾದಿಯ ಮಾತನ್ನ ಇದ್ದ ಹಾಗೇ ಓದ್ತೀನಿ. 'ಸಾಕಾಗಿದೆ ಸ್ವಾಮಿ. ನಮಗೆ ಸಾಕಾಗಿದೆ.' ಅಲ್ಲಿ ಸಾಕಾಗಿದ್ದು ಉಳಿದ ಕಡೆ ಯಾಕೆ ಸಾಕಾಗಲ್ಲ? ಇದು ಹಣದ ಕೊರತೆ ಅಲ್ಲ, ನಿರ್ವಹಣೆಯ ಕೊರತೆ. ಈ ಹೆಚ್ಚುವರಿ ಬೇಡಿಕೆಗೆ ಅರ್ಥ ಇಲ್ಲ."

ಆಡಳಿತ ಪಕ್ಷದವರು ಮೇಜು ಕುಟ್ಟಿದರು. ಮೇಷ್ಟ್ರು ಕೂತು ತಮ್ಮ ವರದಿಯ ಪುಟ ತಿರುವತೊಡಗಿದರು. ಪುಟ್ಟಿಯ ಪೆನ್ಸಿಲ್ ನಿಂತಿತು. ಇಪ್ಪತ್ತು ವರ್ಷದಲ್ಲಿ ಅದು ಎಂದೂ ಹಾಗೆ ನಿಂತಿರಲಿಲ್ಲ. ಆ ಮಾತನ್ನು ಮೊದಲು ಬರೆದುಕೊಂಡವಳು ಅವಳೇ.

ಹನ್ನೆರಡು ದಿನದ ಹಿಂದೆ ಸಮಿತಿಯ ಕೋಣೆಯಲ್ಲಿ ಐದು ಜನ ಸದಸ್ಯರು, ಒಂದು ಸ್ಪೀಕರ್ ಫೋನು, ಪುಟ್ಟಿ. ಆಸ್ಪತ್ರೆಗಳಿಗೆ ಒಂದಾದ ಮೇಲೊಂದು ಫೋನು. ಹದಿನೆಂಟು ಆಸ್ಪತ್ರೆಗಳ ಗೋಳು ಕೇಳಿ ಕೇಳಿ ಸದಸ್ಯರಿಗೆ ತಲೆ ಚಿಟ್ಟು ಹಿಡಿದಿತ್ತು. ಇಬ್ಬರು ಎದ್ದು ಹೋಗಿದ್ದರು, ಒಬ್ಬರು ತೂಕಡಿಸುತ್ತಿದ್ದರು. ಕಡೆಯದು ಬಸ್ಸಿನಲ್ಲಿ ಒಂಬತ್ತು ಗಂಟೆ ದೂರದ, ನಲವತ್ತು ಹಾಸಿಗೆಯ ಆಸ್ಪತ್ರೆ. ಅಲ್ಲಿನ ಡಾಕ್ಟರೇ ಹಾಸಿಗೆ ಹಿಡಿದಿದ್ದರಿಂದ ಹಿರಿಯ ದಾದಿ ಫೋನಿಗೆ ಬಂದಿದ್ದಳು. ಪುಟ್ಟಿಯ ಚಿಕ್ಕಮ್ಮ. ಇಬ್ಬರ ನಂಟು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಹಣ, ಸಿಬ್ಬಂದಿ, ಆಮ್ಲಜನಕ, ಕೊಟ್ಟಿರೋದು ಸಾಕಾಗಿದೆಯೇನಮ್ಮ?" ಎಂದು ಸಮಿತಿಯ ಅಧ್ಯಕ್ಷರು ಕೇಳಿದ್ದರು.

ಫೋನು ಗೊರಗೊರ ಎಂದಿತು. ಆ ಕಡೆ ಎಲ್ಲೋ ಗಂಟೆ ಬಾರಿಸಿತು, ಯಾರೋ ಕೂಗಿದರು. ಚಿಕ್ಕಮ್ಮ ಎಷ್ಟು ಹೊತ್ತು ಸುಮ್ಮನಿದ್ದಳೆಂದರೆ ಅಧ್ಯಕ್ಷರು ಲೈನು ಕಟ್ಟಾಯಿತೆಂದುಕೊಂಡು ಫೋನನ್ನು ತಟ್ಟಿದರು. ಆಮೇಲೆ ಅವಳು ಅಂದಳು, "ಸಾಕಾಗಿದೆ ಸ್ವಾಮಿ. ನಮಗೆ ಸಾಕಾಗಿದೆ." ಲೈನು ಆಗ ನಿಜವಾಗಿಯೇ ಕಟ್ಟಾಯಿತು.

"ಅಬ್ಬ, ಒಬ್ಬರಾದ್ರೂ ಸಾಕು ಅಂದ್ರಲ್ಲಪ್ಪ," ಎಂದು ಅಧ್ಯಕ್ಷರು ಚಹಾಕ್ಕೆ ಎದ್ದರು.

ಪುಟ್ಟಿಗೆ ಆ ದನಿ ಗೊತ್ತಿತ್ತು. ಗೊತ್ತಿಲ್ಲದೆ ಇರುವುದು ಹೇಗೆ? ಮೂವತ್ತು ವರ್ಷದಿಂದ ದಿನಾ ಕೆಲಸ ಮುಗಿಸಿ ಮನೆಗೆ ಬಂದು, ಚಪ್ಪಲಿ ಬಿಚ್ಚುವಾಗ ಗೋಡೆ ಹಿಡಿದು, ಚಿಕ್ಕಮ್ಮ ಅನ್ನುತ್ತಿದ್ದ ಮಾತೇ ಅದು. ಸಾಕಾಗಿದೆ ಕಣೇ. ಅಂದರೆ ಜೀವ ಹಣ್ಣಾಗಿದೆ, ಇನ್ನು ನನ್ನಿಂದಾಗದು ಎಂದು. ಪುಟ್ಟಿ ಅಂದು ಆ ಮಾತಿನ ಮೊದಲು (ದೀರ್ಘ ಮೌನ) ಎಂದು ಬರೆದಿದ್ದಳು. ಬರೆಯಲು ನಿಯಮದಲ್ಲಿ ಅವಕಾಶವೂ ಇತ್ತು. ಟೈಪ್ ಮಾಡುವಾಗ ಕೈ ತಡೆಯಿತು. ಬೇರೆ ಹದಿನೆಂಟು ಜನರಿಗೆ ಹಾಕದ ಕಂಸವನ್ನು ತನ್ನ ಚಿಕ್ಕಮ್ಮನಿಗೆ ಮಾತ್ರ ಹಾಕುವುದೆ? ನಾಳೆ ನಂಟು ಗೊತ್ತಾದರೆ ಯಾರೇನಂದಾರು? ಅದನ್ನು ಅಳಿಸಿ, ಬರೀ ಮಾತನ್ನು ಉಳಿಸಿ, ತನ್ನ ನಿಷ್ಪಕ್ಷಪಾತತನಕ್ಕೆ ತಾನೇ ಬೆನ್ನು ತಟ್ಟಿಕೊಂಡು ಮನೆಗೆ ಹೋಗಿದ್ದಳು. ನಗುವಿಗೆ ಕಂಸವಿತ್ತು, ಗದ್ದಲಕ್ಕೆ ಕಂಸವಿತ್ತು. ದಣಿವಿಗೆ ಹೇಗೂ ಇರಲಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಈಗ ಸರದಿ ಮುಗಿದೊಡನೆ ಅವಳು ಹಿಂದಿನ ಕೋಣೆಗೆ ಓಡಿದಳು. ಅಲ್ಲಿ ಕೂತಿದ್ದವರು ಮುಖ್ಯ ವರದಿಗಾರರು. ಪುಟಕ್ಕೆ ಹತ್ತು ಅಲ್ಪವಿರಾಮ ತಿದ್ದದೆ ಅವರಿಗೆ ಊಟ ಸೇರದು; ಹಾಗಾಗಿ ಕಚೇರಿಯಲ್ಲಿ ಅವರಿಗೆ ಅಲ್ಪವಿರಾಮ ಎಂದೇ ಹೆಸರು, ಅವರ ಬೆನ್ನ ಹಿಂದೆ. ಪುಟ್ಟಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು, ಅಳಿಸಿದ ಕಂಸದ ಸಮೇತ.

ಅಲ್ಪವಿರಾಮರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. "ಬರೆದದ್ದು ತಪ್ಪಲ್ಲಮ್ಮ. ಅವರು ಆಡಿದ ಮಾತೇ ಅದು. ನೀನು ತಿದ್ದೋ ಹಾಗಿಲ್ಲ, ನಾನೂ ತಿದ್ದೋ ಹಾಗಿಲ್ಲ. ಸಾಕ್ಷಿ ಹೇಳಿದೋರೇ ತಿದ್ದಬೇಕು. ಪ್ರತಿ ಕಳಿಸಿ ಏಳು ದಿನ ಟೈಮ್ ಕೊಟ್ಟಿದ್ವಲ್ಲ?"

"ಆ ಲಕೋಟೆ ಒಡೆದು ನೋಡೋಕೆ ಅವರಿಗೆ ಪುರುಸೊತ್ತೆಲ್ಲಿ ಸಾರ್?"

"ಹಾಗಾದ್ರೆ ಇನ್ನೊಂದು ದಾರಿ ಇದೆ. ಮತಕ್ಕೆ ಹಾಕೋ ಮೊದಲು ಅವರೇ ಎರಡು ಸಾಲು ಬರೆದು, ಸಹಿ ಹಾಕಿ, ಫೋನಲ್ಲಿ ಫೋಟೋ ತೆಗೆದು ಕಳಿಸಲಿ. ಸಭಾಧ್ಯಕ್ಷರು ಅದನ್ನ ಓದಿ ಹೇಳಲೇಬೇಕು. ನಿಯಮ ಇದೆ." ಗಡಿಯಾರ ನೋಡಿದರು. "ಒಂದೂಕಾಲು ಗಂಟೆ ಇದೆ. ಬಾಯಿ ಮಾತು ನಡೆಯಲ್ಲ. ಸಹಿ ಬೇಕು."

ಪುಟ್ಟಿ ಕಾರಿಡಾರಿನ ಕಿಟಕಿಯ ಹತ್ತಿರ ನಿಂತು ಫೋನು ಹಚ್ಚಿದಳು. ಚಿಕ್ಕಮ್ಮ ಎತ್ತಲಿಲ್ಲ. ಹನ್ನೊಂದು ಸಲ ಹಚ್ಚಿದಳು. ಕೆಳಗೆ ಬೀದಿ ಬೋಳು ಬೋಳಾಗಿತ್ತು. ಬಾಗಿಲು ಹಾಕಿದ ಅಂಗಡಿಗಳ ಮುಂದೆ ಒಂದು ಆಂಬುಲೆನ್ಸು ಹೋಯಿತು, ಅದರ ಹಿಂದೆಯೇ ಇನ್ನೊಂದು. ಎರಡನೆಯದು ಸದ್ದು ಮಾಡುತ್ತಿರಲಿಲ್ಲ. ಅವಸರವಿಲ್ಲದ ಆಂಬುಲೆನ್ಸು ಎಂದರೇನೆಂದು ಆ ದಿನಗಳಲ್ಲಿ ಮಕ್ಕಳಿಗೂ ಗೊತ್ತಿತ್ತು.

ವಾರ್ಡಿನ ಫೋನಿಗೆ ಹಚ್ಚಿದಳು. ಅದೂ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಚಿಕ್ಕಮ್ಮನ ಮೊಬೈಲನ್ನು ಯಾರೋ ಎತ್ತಿದರು. ವಯಸ್ಸಾದ ಗಂಡಸಿನ ದನಿ, ಏದುಸಿರು.

"ಯಾರು? ನಾನು ವಾಚ್‌ಮನ್ನು. ಬೇಗ ಹೇಳಿ, ಫೋನಿನ ಗುಂಡಿ ಮೂಗಿಂದ ಒತ್ತಿದ್ದು, ಕೈ ಖಾಲಿ ಇಲ್ಲ."

"ನಾನು ಪುಟ್ಟಿ. ಚಿಕ್ಕಮ್ಮ ಬೇಕಿತ್ತು."

"ಅಮ್ಮಾ, ನಿಮ್ಮ ಪುಟ್ಟಿಯಂತೆ! ಸ್ಪೀಕರ್ ಆಗಿದೆ, ಅಲ್ಲಿಂದಲೇ ಮಾತಾಡಿ."

ಮೊದಲು ಕೇಳಿದ್ದು ಮಾತಲ್ಲ. ಪುಸ್, ಎಂದು ಒಂದು ಸದ್ದು. ಸ್ವಲ್ಪ ತಡೆದು ಮತ್ತೆ ಪುಸ್. ಅದರ ನಡುವೆ ಇನ್ನೊಂದು ಅಂಥದೇ ಸದ್ದು, ಅದು ಅಷ್ಟು ಕ್ರಮವಾಗಿರಲಿಲ್ಲ. ಚಿಕ್ಕಮ್ಮನ ದನಿ ದೂರದಿಂದ ಬಂತು.

"ಪುಟ್ಟಿ, ಏನೇ ಈ ಹೊತ್ತಲ್ಲಿ? ಮಗು ಹುಷಾರಾಗಿದಾಳಾ?"

"ಎಲ್ಲಾ ಹುಷಾರು. ಅದೇನು ಸದ್ದು ಚಿಕ್ಕಮ್ಮ?"

"ಗಾಳಿ ಚೀಲ ಕಣೇ. ಮೂರು ವೆಂಟಿಲೇಟರ್ ಕೆಟ್ಟು ಹದಿನೈದು ದಿನ ಆಯ್ತು, ಉಳಿದಿದ್ದ ಒಂದೂ ಇವತ್ತು ಬೆಳಿಗ್ಗೆ ಮಲಗ್ತು. ಇಬ್ಬರಿಗೆ ಕೈಯಲ್ಲೇ ಉಸಿರು ಒತ್ತಬೇಕು. ನನ್ನ ಹತ್ರ ಇರೋನು ಬಸ್ ಕಂಡಕ್ಟರು, ಮೂವತ್ತನಾಲ್ಕು ವರ್ಷ. ನೆನ್ನೆ ಸಂಜೆ ನನ್ನನ್ನೇ ಚಿಲ್ಲರೆ ಕೇಳಿ ತಮಾಷೆ ಮಾಡ್ತಿದ್ದ. ವಾಚ್‌ಮನ್ ಒಬ್ಬ ಅಜ್ಜನಿಗೆ ಒತ್ತುತಾ ಇದಾನೆ. ರೀ, ನಿಧಾನ, ಅಷ್ಟು ಜೋರಾಗಿ ಬೇಡ, ಬಲೂನ್ ಊದ್ತಿದೀರಾ? ಹ್ಞೂಂ, ಹೇಳು ಪುಟ್ಟಿ."

ಪುಟ್ಟಿ ಹೇಳಿದಳು. ಮಂತ್ರಿ ಓದಿದ್ದು, ಐದು ಗಂಟೆಯ ಮತ, ಎರಡು ಸಾಲು, ಸಹಿ. ಚಿಕ್ಕಮ್ಮ ಒಮ್ಮೆ ನಕ್ಕಳು. ಆಮೇಲೆ ನಗು ನಿಂತಿತು.

"ನಮಗೆ ಸಾಕಾಗಿದೆ ಅಂದಿದ್ದನ್ನ ಹಣ ಸಾಕಾಗಿದೆ ಅಂದ್ಕೊಂಡ್ರಾ? ಅಯ್ಯೋ ದೇವರೇ. ಅವರಿಗೇನೋ ತಿಳೀಲಿಲ್ಲ. ಅಲ್ಲಿ ಬರ್ಕೊಳ್ತಿದ್ದೋಳು ನೀನೇ ತಾನೇ? ನಿನಗೂ ಗೊತ್ತಾಗ್ಲಿಲ್ವಾ ಪುಟ್ಟಿ?"

ಪುಸ್. ಪುಸ್. ಸುಳ್ಳು ಹೇಳಲು ಬೇಕಾದಷ್ಟು ಬಿಡುವಿತ್ತು. "ಗೊತ್ತಾಗಿತ್ತು ಚಿಕ್ಕಮ್ಮ," ಎಂದಳು.

ಆ ಕಡೆಯಿಂದ ಬೈಗುಳ ಬಂದಿದ್ದರೆ ಎಷ್ಟೋ ವಾಸಿಯಿತ್ತು. ಚೀಲದ ಸದ್ದು ಒಂದು ಸಲವೂ ಗತಿ ತಪ್ಪಲಿಲ್ಲ. ಪುಟ್ಟಿಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಸರಿ, ಆಗಿದ್ದು ಆಗ್ಹೋಯ್ತು," ಎಂದಳು ಚಿಕ್ಕಮ್ಮ ಕಡೆಗೆ. "ಆದ್ರೆ ಸಹಿ ಹಾಕೋಕೆ ಕೈ ಬೇಕಲ್ಲೇ."

"ಎರಡೇ ನಿಮಿಷ ಯಾರಾದ್ರೂ..."

"ಯಾರಿದಾರೆ? ಇಬ್ಬರು ಹುಡುಗೀರಿಗೆ ಮಧ್ಯಾಹ್ನ ಜ್ವರ ಬಂತು, ಆ ತುದೀಲಿ ಮಲಗಿಸಿದೀನಿ. ಇರೋ ಒಬ್ಬಳು ಮೂವತ್ತು ಜನರ ಮಧ್ಯೆ ಸಿಲಿಂಡರ್ ಉರುಳಿಸ್ಕೊಂಡು ಓಡಾಡ್ತಿದಾಳೆ, ಅವಳು ನಿಂತ್ರೆ ನಾಲ್ಕು ಜನ ಹೋಗ್ತಾರೆ. ನಾನು ಎರಡು ನಿಮಿಷ ಬಿಟ್ರೆ ಇವನು ಹೋಗ್ತಾನೆ. ಆರು ಗಂಟೆಗೆ ಪಾಳಿ ಬದಲಾಗತ್ತೆ, ಆವಾಗ ಬರೆದುಕೊಡ್ತೀನಿ."

"ಮತ ಐದಕ್ಕೆ ಚಿಕ್ಕಮ್ಮ."

"ಹಾಗಾದ್ರೆ ಇವನು ತಾನಾಗೇ ಉಸಿರಾಡಬೇಕು. ಇಲ್ಲಾ ಅಂದ್ರೆ..." ಚಿಕ್ಕಮ್ಮ ಮಾತು ಮುಗಿಸಲಿಲ್ಲ. "ಲೈನಲ್ಲೇ ಇರು."

ಅಲ್ಪವಿರಾಮರು ಬಾಗಿಲಲ್ಲಿ ಬಂದು ನಿಂತಿದ್ದರು. ಪುಟ್ಟಿ ಫೋನಿಗೆ ಕೈ ಅಡ್ಡ ಹಿಡಿದು, ಬಾಯಿ ಮಾತನ್ನೇ ರೆಕಾರ್ಡ್ ಮಾಡಿ ಕೊಟ್ಟರೆ ಆಗುವುದಿಲ್ಲವೇ ಎಂದು ಕೇಳಿದಳು. ಅವರು ತಲೆಯಾಡಿಸಿದರು. ನಿಯಮ ಮಾಡಿದವರಿಗೆ, ಸಾಕ್ಷಿಗೆ ಕೈ ಬಿಡುವಿಲ್ಲದ ದಿನವೂ ಬರಬಹುದು ಎಂದು ಹೊಳೆದಿರಲಿಲ್ಲ. "ನಿನ್ನ ಸರದಿ ಬಂತು," ಎಂದರು. ಮತ್ತೆ, "ಇರಲಿ, ನೀನಿಲ್ಲೇ ಇರು, ನಾನು ಕೂರ್ತೀನಿ" ಎಂದು ಒಂಬತ್ತು ವರ್ಷದಿಂದ ಮುಟ್ಟದಿದ್ದ ಪೆನ್ಸಿಲ್ ತೆಗೆದುಕೊಂಡು ಒಳಗೆ ಹೋದರು.

ಪುಟ್ಟಿ ಕಿಟಕಿಗೆ ಒರಗಿ ಕೇಳುತ್ತ ನಿಂತಳು. ಒಂದು ಕಿವಿಯಲ್ಲಿ ಚೀಲದ ಸದ್ದು. ಇನ್ನೊಂದು ಕಿವಿಗೆ, ಗೋಡೆಯಲ್ಲಿದ್ದ ಧ್ವನಿವರ್ಧಕದಿಂದ ಸದನ. ಮೇಷ್ಟ್ರು ಮತ್ತೆ ಎದ್ದಿದ್ದರು, ದನಿ ಕುಂದಿತ್ತು. ಒಂದೇ ಆಸ್ಪತ್ರೆಯ ಮಾತು ಹಿಡಿದು ಹದಿನೆಂಟು ಆಸ್ಪತ್ರೆಗಳ ಬಾಯಿ ಮುಚ್ಚಿಸಬೇಡಿ ಎನ್ನುತ್ತಿದ್ದರು. ಯಾರೋ ಹಿಂದಿನಿಂದ "ಸಾಕಾಗಿದೆ ಅಂದ್ರಲ್ಲ, ಕೂತ್ಕೊಳ್ಳಿ ಮೇಷ್ಟ್ರೇ" ಎಂದು ಕೂಗಿದರು. ಜನ ನಕ್ಕರು. ಒಳಗೆ ಅಲ್ಪವಿರಾಮರು ಅದಕ್ಕೂ ಕಂಸ ಹಾಕುತ್ತಿದ್ದಿರಬೇಕು.

ನಾಲ್ಕೂ ಇಪ್ಪತ್ತೈದು. ನಾಲ್ಕೂವರೆ. ಚಿಕ್ಕಮ್ಮ ಕಂಡಕ್ಟರನ ಜೊತೆ ಮಾತಾಡುತ್ತಿದ್ದಳು, "ಒಂದು ಸಲ ನೀನೇ ಎಳಕೊಳ್ಳೋ ಮಾರಾಯ, ಒಂದೇ ಒಂದು ಸಲ." ಪುಟ್ಟಿಯೂ ಉಸಿರು ಬಿಗಿಹಿಡಿದಳು. ಅವನು ಎಳೆದುಕೊಳ್ಳಲಿ, ಚಿಕ್ಕಮ್ಮನ ಕೈ ಬಿಡುವಾಗಲಿ. ನಾಲ್ಕೂ ಮೂವತ್ತೈದು. ಮಂತ್ರಿ ಕಡೆಯ ಉತ್ತರಕ್ಕೆ ಎದ್ದರು. ಕೈ ಬಿಡುವಾಗಲಿ, ಬೇಗ ಬಿಡುವಾಗಲಿ ಎಂದು ಪುಟ್ಟಿಯ ತುಟಿ ಮಾಸ್ಕಿನೊಳಗೆ ಅಲುಗುತ್ತಿತ್ತು. ಅದರ ಮೊದಲಿನ ಅರ್ಧ, ಅವನು ಉಸಿರು ಎಳೆದುಕೊಳ್ಳಲಿ ಎಂಬುದು, ಯಾವಾಗಲೋ ಬಿಟ್ಟುಹೋಗಿತ್ತು. ಅದು ಅವಳಿಗೆ ಈಗ ಗೊತ್ತಾಯಿತು. ಹದಿನೆಂಟು ಆಸ್ಪತ್ರೆಗಳಲ್ಲಿ ಎಷ್ಟು ಜನ, ಇವನೊಬ್ಬ, ಎಂದು ಮನಸ್ಸು ತೂಗುತ್ತಿತ್ತು. ಮುಖ ನೋಡದ, ಹೆಸರು ಕೇಳದ ಮನುಷ್ಯ ಸಾಯಲಿ ಎಂದು ಅವಳು ಗಡಿಯಾರ ಹಿಡಿದು ಕಾಯುತ್ತಿದ್ದಳು. ತನ್ನ ಬಗ್ಗೆ ತನಗೆ ಅಷ್ಟು ಭಯ ಅವಳಿಗೆ ಎಂದೂ ಆಗಿರಲಿಲ್ಲ.

"ಚಿಕ್ಕಮ್ಮ," ಎಂದಳು ಗಟ್ಟಿಯಾಗಿ, "ಸಹಿ ಬೇಡ. ಕೇಳಿಸ್ತಾ? ಬೇಡ. ನೀನು ಒತ್ತುತಾ ಇರು."

ಆ ಕಡೆ ಒಂದು ಸದ್ದು ಮಾತ್ರ ಬರುತ್ತಿತ್ತು, ಕ್ರಮವಿಲ್ಲದ್ದು, ವಾಚ್‌ಮನ್ನನದು. ಇನ್ನೊಂದು ನಿಂತಿತ್ತು. ಯಾವಾಗ ನಿಂತಿತೋ, ಅವಳ ಮಾತಿಗೆ ಮುಂಚೆಯೋ ಆಮೇಲೋ, ಅವಳಿಗೆ ಗೊತ್ತಾಗಲಿಲ್ಲ. ಹೊದಿಕೆ ಎಳೆದು ಹೊದಿಸಿದ ಸದ್ದಾಯಿತು. ನಲ್ಲಿ ತಿರುಗಿಸಿದ ಸದ್ದಾಯಿತು, ನೀರು ಬಹಳ ಹೊತ್ತು ಸುರಿಯಿತು. ಧ್ವನಿವರ್ಧಕದಲ್ಲಿ ಸಭಾಧ್ಯಕ್ಷರು, ಇನ್ನು ಹತ್ತು ನಿಮಿಷದಲ್ಲಿ ಮತಕ್ಕೆ ಹಾಕುವುದಾಗಿ ಹೇಳಿದರು.

ಫೋನನ್ನು ಯಾರೋ ಎತ್ತಿಕೊಂಡರು. ಚಿಕ್ಕಮ್ಮನ ದನಿ ಈ ಸಲ ಕಿವಿಯಲ್ಲೇ ಇತ್ತು.

"ಪುಟ್ಟಿ, ಇದೀಯಾ? ಕೈ ಬಿಡುವಾಯ್ತು. ಪೆನ್ನು ಹಿಡ್ಕೊಂಡಿದೀನಿ. ಏನಂತ ಬರೀಲಿ, ಬೇಗ ಹೇಳೇ, ವಾಚ್‌ಮನ್ ಕೈ ಸೋತಿದೆ, ನಾನು ಆ ಹಾಸಿಗೆಗೆ ಹೋಗ್ಬೇಕು."